ತುಂಡು ಮರದಲ್ಲಿ ಮೂಲೆಮಟ್ಟ, ಗೇಜು: ನಂಬಬಹುದೇ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. ಹೊಸ ಮನೆಯ ಬಾಗಿಲು, ಕಿಟಕಿಗಳ ಕೆಲಸ ಮುಗಿದ ಮೇಲೆ ತೇಗ, ಹೊನ್ನೆ, ಹಲಸಿನ ತುಂಡುಗಳು ಎರಡು ಚೀಲದಷ್ಟು ಉಳಿದಿವೆ. ಒಲೆಗೆ ಹಾಕಲು ಮನಸ್ಸು ಬರುತ್ತಿಲ್ಲ. ಬಿಡುವಿನಲ್ಲಿ ಮರಗೆಲಸ ಕಲಿಯುತ್ತಿದ್ದೇನೆ. ಅಂಗಡಿಯಿಂದ ತಂದ, 90 ಡಿಗ್ರಿ ಮೂಲೆ ನೋಡುವ ಉಕ್ಕಿನ ಮೂಲೆಮಟ್ಟ ಸರಿಯಿಲ್ಲವೆಂಬ ಅನುಮಾನವಿದೆ. ನಾನು ಮಾಡಿದ ಸ್ಟೂಲಿನ ಒಂದು ಕೂಡಿಕೆಯೂ ನೆಟ್ಟಗೆ ಕೂತಿಲ್ಲ. ಈ ತುಂಡುಗಳಿಂದಲೇ ಮೂಲೆಮಟ್ಟ, ಗೆರೆ ಹಾಕುವ ಗೇಜು ಮಾಡಿಕೊಳ್ಳಬಹುದೇ? ಮಳೆಗಾಲದಲ್ಲಿ ನಮ್ಮ ಕಡೆ ಬಾಗಿಲೇ ಉಬ್ಬಿ ಹಿಡಿದುಕೊಳ್ಳುತ್ತದೆ. ಮರದ ಸಾಧನ ಸರಿಯಾಗಿ ಉಳಿದೀತೇ?

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ಆ ಎರಡು ಚೀಲಗಳಲ್ಲಿ ನಿಮ್ಮ ಮುಂದಿನ ಇಪ್ಪತ್ತು ವರ್ಷಗಳಿಗೆ ಸಾಕಾಗುವ ಸಾಧನಗಳಿವೆ. ದಯವಿಟ್ಟು ಒಲೆಯಿಂದ ದೂರವಿಡಿ. ಈಜಿಪ್ಟಿನ ದೇರ್ ಎಲ್ ಮದೀನಾದಲ್ಲಿ 1886ರಲ್ಲಿ ತೆರೆದ ಸೆನ್ನೆಜೆಮ್ ಎಂಬ ಕುಶಲಕರ್ಮಿಯ ಗೋರಿಯಲ್ಲಿ ಮರದ ಮೂಲೆಮಟ್ಟ ಸಿಕ್ಕಿತು. ಮೂರು ಸಾವಿರ ವರ್ಷಕ್ಕೂ ಹಳೆಯದು. ನಿಮ್ಮ ಸಾಗರವಂತೂ ಗಂಧದ ಕೆತ್ತನೆಯ ಗುಡಿಗಾರರ ಊರು. ಕೈಯಲ್ಲಿರುವ ಸಾಧನವನ್ನು ತಾನೇ ತಿದ್ದಿಕೊಳ್ಳುವ ಅಭ್ಯಾಸ ಅಲ್ಲಿಗೆ ಹೊಸದೇನಲ್ಲ.

ನಿಮ್ಮ ಪತ್ರದಲ್ಲಿ ಒಂದು ಮಾತು ನನ್ನ ಗಮನ ಸೆಳೆಯಿತು. ಅಂಗಡಿಯ ಮೂಲೆಮಟ್ಟದ ಬಗ್ಗೆ ಅನುಮಾನವಿದೆ ಎನ್ನುತ್ತೀರಿ, ಪರೀಕ್ಷಿಸಿದೆ ಎನ್ನುವುದಿಲ್ಲ. ಸಾಧನ ಉಕ್ಕಿನದೋ ಮರದ್ದೋ ಎಂಬ ಪ್ರಶ್ನೆಗಿಂತ, ಅದನ್ನು ಪರೀಕ್ಷಿಸಲು ನಮಗೆ ಬರುತ್ತದೆಯೇ, ತಪ್ಪಿದ್ದರೆ ತಿದ್ದಲು ಬರುತ್ತದೆಯೇ ಎಂಬ ಪ್ರಶ್ನೆ ದೊಡ್ಡದು. ಉಕ್ಕಿನದು ತಪ್ಪಿದ್ದರೆ ಅರ ಹಿಡಿದು ಅರ್ಧ ದಿನ ಕೂರಬೇಕು. ಮರದ್ದಾದರೆ ಕೀಸುಳಿಯನ್ನು ಎರಡು ಸಲ ಎಳೆದರೆ ಮುಗಿಯಿತು. ಈ ಒಂದು ಕಾರಣಕ್ಕೇ ನಾನು ಕಲಿಯುವವರಿಗೆ ಮೊದಲು ಮರದ ಮೂಲೆಮಟ್ಟವನ್ನೇ ಮಾಡಿಸುತ್ತೇನೆ.

ಈಗ ಮಳೆಗಾಲದ ವಿಷಯ. ಬಾಗಿಲು ಉಬ್ಬುತ್ತದೆ, ನಿಜ. ಹೇಗೆ ಉಬ್ಬುತ್ತದೆ ಎಂದು ಗಮನಿಸಿದ್ದೀರಾ? ಅಗಲಕ್ಕೆ ಉಬ್ಬಿ ಚೌಕಟ್ಟಿಗೆ ಹಿಡಿಯುತ್ತದೆ. ಎತ್ತರಕ್ಕೆ ಬೆಳೆದು ಹೊಸ್ತಿಲಿಗೆ ತಾಗಿದ ಬಾಗಿಲನ್ನು ನೀವು ಕಂಡಿರಲಾರಿರಿ. ಮರ ತೇವ ಕುಡಿದಾಗ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ. ಎಳೆಯ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಹಸಿ ತೇಗ ಪೂರ್ತಿ ಒಣಗುವಾಗ ಬೆಳವಣಿಗೆಯ ಉಂಗುರದ ಗುಂಟ ಸುಮಾರು ಶೇ 4ರಿಂದ 6ರಷ್ಟು ಕುಗ್ಗಿದರೆ, ಉಂಗುರಕ್ಕೆ ಅಡ್ಡಲಾಗಿ ಅದರ ಅರ್ಧದಷ್ಟು ಕುಗ್ಗುತ್ತದೆ. ಹಾಗಾಗಿ ಎಳೆ ನೇರವಾಗಿರುವ ಒಂದು ಪಟ್ಟಿ ಆಷಾಢದಲ್ಲಿ ಕೂದಲೆಳೆಯಷ್ಟು ಅಗಲವಾದರೂ ಅದರ ಎರಡು ಅಂಚುಗಳು ಒಂದಕ್ಕೊಂದು ಸಮಾನಾಂತರವಾಗಿಯೇ ಇರುತ್ತವೆ. ಮೂಲೆ ಕೆಡುವುದಿಲ್ಲ.

ಮೂಲೆ ಕೆಡುವುದು ಎಳೆ ಓರೆಯಾಗಿ ಓಡಿದಾಗ. ಕಲಿಯುವ ಕಾಲದಲ್ಲಿ ನಾನು ಮಾಡಿದ ಮೊದಲ ಮೂಲೆಮಟ್ಟ ಹಳೆಯ ಮಂಚವೊಂದರ ಬೀಟೆ ತುಂಡಿನದು. ಪಟ್ಟಿಯ ಮೇಲೆ ಕಪ್ಪು ಗೆರೆಗಳು ಮೂಲೆಯಿಂದ ಮೂಲೆಗೆ ಹರಿದ ಚೆಂದಕ್ಕೆ ಮನಸೋತು ಆ ತುಂಡನ್ನೇ ಆರಿಸಿದ್ದೆ. ಜೂನ್‌ನಲ್ಲಿ ಮಾಡಿದ್ದು ಜನವರಿಯ ಹೊತ್ತಿಗೆ 200 ಮಿ.ಮೀ. ಉದ್ದಕ್ಕೆ ಮುಕ್ಕಾಲು ಮಿ.ಮೀ. ವಾಲಿತ್ತು. ಅದರ ಗೆರೆಯ ಮೇಲೆ ಕೊಯ್ದ ನಾಲ್ಕು ಡ್ರಾಯರುಗಳನ್ನು ಬಿಚ್ಚಿ ಮತ್ತೆ ಕೂಡಿಸಬೇಕಾಯಿತು. ಬೀಟೆಯ ತಪ್ಪೇನೂ ಇರಲಿಲ್ಲ. ಎಳೆ ನೋಡದೆ ಆರಿಸಿದ್ದು ನನ್ನ ತಪ್ಪು.

ಆದ್ದರಿಂದ ಚೀಲ ಸುರಿದು ಮೊದಲು ಎಳೆ ನೋಡಿ. ಪಟ್ಟಿಯ ಮುಖದ ಮೇಲೆಯೂ ಅಂಚಿನ ಮೇಲೆಯೂ ಗೆರೆಗಳು ತುದಿಯಿಂದ ತುದಿಗೆ ನೆಟ್ಟಗೆ ಓಡಿರಬೇಕು. ನಂತರ ಕೊಯ್ದ ತುದಿಯನ್ನು ನೋಡಿ: ಪಟ್ಟಿಯನ್ನು ಮಲಗಿಸಿ ಹಿಡಿದಾಗ ಉಂಗುರಗಳು ನಿಂತ ಕಡ್ಡಿಗಳಂತೆ ಕಂಡರೆ ಆ ತುಂಡು ಚಿನ್ನ, ಅಗಲಕ್ಕೆ ಕಡಿಮೆ ಹಿಗ್ಗುತ್ತದೆ, ದೋಣಿಯಂತೆ ಬಾಗುವುದಿಲ್ಲ. ಉಂಗುರಗಳು ಕಮಾನಿನಂತೆ ಮಲಗಿದ್ದರೆ ಅದನ್ನು ಹಿಡಿಕೆಗಳಿಗೆ ಇಟ್ಟುಕೊಳ್ಳಿ. ಗಂಟಿನ ಹತ್ತಿರದ ಮರ ಬೇಡ. ತೇಗದ ಅಂಚಿನ ಬಿಳಿಯ ಭಾಗಕ್ಕೆ ಹುಳು ಬೀಳುತ್ತದೆ. ಅದನ್ನು ಕೊಯ್ದು ಚೇಗನ್ನು, ಎಂದರೆ ಒಳಗಿನ ಗಾಢ ಬಣ್ಣದ ಭಾಗವನ್ನು ಮಾತ್ರ ಬಳಸಿ. ಮರ ಒಣಗಿದೆಯೇ ಎಂದು ತಿಳಿಯಲು ಯಂತ್ರವೇನೂ ಬೇಕಿಲ್ಲ: ಆರಿಸಿದ ತುಂಡುಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ಮರದ ಮೇಲೆಯೇ ಪೆನ್ಸಿಲಿನಲ್ಲಿ ಬರೆದು, ಕೆಲಸ ಮಾಡುವ ಕೋಣೆಯಲ್ಲಿ ಅಟ್ಟದ ಕೆಳಗೆ ಗಾಳಿಯಾಡುವಂತೆ ಇಡಿ. ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ದಿನ ಕೆಲಸ ಶುರುಮಾಡಿ.

ನಿಮ್ಮ ಮೂರು ಮರಗಳಲ್ಲಿ ಮೂಲೆಮಟ್ಟಕ್ಕೂ ಅಂಚು ನೇರವಿದೆಯೇ ಎಂದು ನೋಡುವ ನೇರಪಟ್ಟಿಗೂ ತೇಗವೇ ಸರಿ. ಹೊನ್ನೆ ಗಟ್ಟಿ, ಸವೆತ ತಡೆಯುತ್ತದೆ, ಆದರೆ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಅದು ಗೇಜಿನ ತಲೆಗಿರಲಿ. ಹೊನ್ನೆಯ ಲೋಟದಲ್ಲಿಟ್ಟ ನೀರು ಬಣ್ಣ ತಿರುಗುವುದನ್ನು ನೀವು ಕಂಡಿರಬಹುದು. ಬೆವರುವ ಕೈಗೂ ಅದು ಹಾಗೆಯೇ ಬಣ್ಣ ಬಿಡುತ್ತದೆ, ಪಾಲಿಷ್ ಕೊಡುವುದು ಒಳ್ಳೆಯದು. ಹಲಸಿನ ಹಳದಿ ಒಂದು ವಿಶೇಷ ಕೆಲಸಕ್ಕೆ ಬರುತ್ತದೆ, ಮುಂದೆ ಹೇಳುತ್ತೇನೆ.

ಮೊದಲು ನೇರಪಟ್ಟಿ ಮಾಡಿ. ಅದಿಲ್ಲದೆ ಉಳಿದ ಯಾವುದನ್ನೂ ಪರೀಕ್ಷಿಸಲಾಗದು. ಸುಮಾರು 500 ಮಿ.ಮೀ. ಉದ್ದ, 50 ಅಗಲ, 12 ದಪ್ಪದ ಎರಡು ತೇಗದ ಪಟ್ಟಿಗಳನ್ನು ಮುಖಕ್ಕೆ ಮುಖ ಸೇರಿಸಿ ಕ್ಲ್ಯಾಂಪ್ ಹಾಕಿ, ಎರಡರ ಅಂಚನ್ನೂ ಒಟ್ಟಿಗೆ ಕೀಸಿ. ಬಿಚ್ಚಿ, ಪುಸ್ತಕ ತೆರೆದಂತೆ ತೆರೆದು, ಕೀಸಿದ ಅಂಚಿಗೆ ಅಂಚು ತಾಗಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ಅಂಚು ನಡುವಿನಲ್ಲಿ ತಗ್ಗು, ತುದಿಗಳಲ್ಲಿ ಕಂಡರೆ ನಡುವೆ ಉಬ್ಬು. ಎರಡೂ ಒಂದೇ ಸಲ ಕೀಸಿದವಾದ್ದರಿಂದ ಕಾಣುವ ಸಂದು ನಿಜವಾದ ತಪ್ಪಿನ ಎರಡರಷ್ಟು. ಮತ್ತೆ ಕ್ಲ್ಯಾಂಪ್ ಹಾಕಿ, ಮತ್ತೆ ಕೀಸಿ, ಬೆಳಕು ಮುಚ್ಚುವವರೆಗೆ. ಎರಡನ್ನೂ ಬೇರೆಬೇರೆಯಾಗಿ ಕೀಸಬೇಡಿ: ಆಗ ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂತು ಎರಡೂ ನೇರವಾಗಿರುವಂತೆ ಮೋಸ ಮಾಡುತ್ತವೆ. ಹಾಗೆ ಬೇರೆಯಾಗಿ ಮಾಡಿದರೆ ಸತ್ಯ ಹೇಳಲು ಮೂರನೆಯದೊಂದು ಬೇಕು. ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ಲೋಹದ ಸಮತಟ್ಟು ಫಲಕಗಳನ್ನು ಮೂರುಮೂರಾಗಿ ಒಂದಕ್ಕೊಂದು ಹೋಲಿಸಿ ತಿದ್ದುವ ಕ್ರಮವನ್ನು 1840ರಲ್ಲಿ ವಿದ್ವಾಂಸರ ಮುಂದಿಟ್ಟದ್ದು ಈ ಕಾರಣಕ್ಕೇ. ನಮಗೆ ಎರಡು ಪಟ್ಟಿ, ಒಂದು ಕೀಸುಳಿ ಸಾಕು.

ಈಗ ಮೂಲೆಮಟ್ಟ. ಹಲಗೆಯ ಅಂಚಿಗೆ ಒತ್ತುವ ಹಿಡಿಗೆ 150 ಮಿ.ಮೀ. ಉದ್ದ, 40 ಅಗಲ, 20 ದಪ್ಪದ ತುಂಡು. ಗೆರೆ ಎಳೆಯಲು ಆಸರೆಯಾಗುವ ಅಲಗಿಗೆ 250 ಉದ್ದ, 45 ಅಗಲ, 7 ದಪ್ಪದ ಪಟ್ಟಿ. ಹಿಡಿಯ ಒಂದು ತುದಿಯಲ್ಲಿ, ದಪ್ಪದ ನಟ್ಟನಡುವೆ, ಅಲಗು ಬಿಗಿಯಾಗಿ ಕೂರುವಂತೆ ಕಚ್ಚು ಕೊಯ್ದುಕೊಳ್ಳಿ. ಗರಗಸ ಗೆರೆಯ ಒಳಗಿರಲಿ; ಕೊನೆಗೆ ಅಲಗನ್ನೇ ಕೀಸಿ ಕಚ್ಚಿಗೆ ಹೊಂದಿಸುವುದು ಸುಲಭ. ಒತ್ತಿದರೆ ಹೋಗಬೇಕು, ತಲೆಕೆಳಗೆ ಹಿಡಿದು ಅಲುಗಾಡಿಸಿದರೆ ಬೀಳಬಾರದು, ಅಷ್ಟು ಬಿಗಿ. ಅಲಗು ಹಿಡಿಯ ತುದಿಯಿಂದ 2 ಮಿ.ಮೀ. ಹೊರಗೆ ಚಾಚಿರಲಿ, ಮುಂದೆ ತಿದ್ದುವಾಗ ಹಿಡಿಯ ತುದಿಗೆ ಕೀಸುಳಿ ತಾಗುವುದಿಲ್ಲ. ತೇಗದಲ್ಲಿ ಎಣ್ಣೆಯಂಶವಿದೆ. ಅಂಟು ಹಚ್ಚುವ ಮುಂಚೆ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆರಿದ ಕೂಡಲೇ ಫೆವಿಕಾಲ್ ಹಚ್ಚಿ ಕೂಡಿಸಿ. ಈ ಹಂತದಲ್ಲಿ ಮೂಲೆ ಸುಮಾರಾಗಿ ಸರಿಯಿದ್ದರೆ ಸಾಕು. ಬಹಳ ಜನ ಇಲ್ಲಿಯೇ ಬೆವರುತ್ತಾರೆ, ಅಂಟು ಹಸಿಯಿರುವಾಗಲೇ 90 ಡಿಗ್ರಿ ಹಿಡಿಯಲು ಒದ್ದಾಡುತ್ತಾರೆ. ನಿಜವಾದ ಮೂಲೆ ಹುಟ್ಟುವುದು ಮರುದಿನ, ಕೀಸುಳಿಯಿಂದ.

ಮರುದಿನ ಒಂದು ಅಗಲವಾದ ಪ್ಲೈವುಡ್ ತುಂಡು ತೆಗೆದುಕೊಳ್ಳಿ. ಅದರ ಒಂದು ಅಂಚನ್ನು ನೇರಪಟ್ಟಿಯಿಂದ ಪರೀಕ್ಷಿಸಿ ನೇರ ಮಾಡಿಕೊಳ್ಳಿ. ಈ ಅಂಚು ಸೊಟ್ಟಗಿದ್ದರೆ ಇಡೀ ಪರೀಕ್ಷೆ ಸುಳ್ಳಾಗುತ್ತದೆ. ಆ ಅಂಚನ್ನು ನಿಮ್ಮ ಕಡೆಗೆ ಇಟ್ಟುಕೊಂಡು, ಹಿಡಿಯನ್ನು ಎಡಕ್ಕೆ ಚಾಚಿ ಅಂಚಿಗೆ ಒತ್ತಿ, ಅಲಗಿನ ಹೊರ ಅಂಚಿನ ಗುಂಟ ಚೂಪು ಪೆನ್ಸಿಲಿನಿಂದ 200 ಮಿ.ಮೀ. ಗೆರೆ ಎಳೆಯಿರಿ. ಪಕ್ಕದಲ್ಲಿ ‘ಎಡ’ ಎಂದು ಬರೆಯಿರಿ. ಈಗ ಮೂಲೆಮಟ್ಟವನ್ನು ಮಗುಚಿ, ಹಿಡಿ ಬಲಕ್ಕೆ ಚಾಚುವಂತೆ ಮಾಡಿ, ಅದೇ ಬುಡದ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದಾಗಿ ಕಂಡರೆ ಮೂಲೆ ಸರಿ. ಕವಲೊಡೆದರೆ, ಮೇಲಿನ ಸಂದಿನ ಅರ್ಧದಷ್ಟು ತಪ್ಪು. ಸಂದು 0.6 ಮಿ.ಮೀ. ಇದ್ದರೆ ತಪ್ಪು 200ಕ್ಕೆ 0.3. ಇಷ್ಟೇ ತಾನೇ ಎನ್ನಬೇಡಿ: ಅದೇ ಗೆರೆಯನ್ನು 900 ಮಿ.ಮೀ. ಅಗಲದ ಬಾಗಿಲಿಗೆ ಬೆಳೆಸಿದರೆ 1.35 ಮಿ.ಮೀ. ಆಗುತ್ತದೆ. ನಿಮ್ಮ ಅಂಗಡಿಯ ಮೂಲೆಮಟ್ಟವನ್ನೂ ಇದೇ ಹಲಗೆಯ ಮೇಲೆ ಇಂದೇ ಪರೀಕ್ಷಿಸಿ. ಈ ಪರೀಕ್ಷೆಗೆ ಬೇರೊಂದು ‘ಸರಿಯಾದ’ ಮೂಲೆಮಟ್ಟವೇ ಬೇಡ ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ. ತಪ್ಪು ತನ್ನನ್ನು ತಾನೇ ಇಮ್ಮಡಿಯಾಗಿ ತೋರಿಸಿಕೊಳ್ಳುತ್ತದೆ.

ತಿದ್ದುವುದು ಹೀಗೆ. ‘ಎಡ’ ಎಂದು ಬರೆದ ಗೆರೆ ಎಡಕ್ಕೆ, ಎಂದರೆ ಹಿಡಿಯ ಕಡೆಗೇ ವಾಲಿದ್ದರೆ ಮೂಲೆ ಕಿರಿದು: ಅಲಗಿನ ಹೊರ ಅಂಚನ್ನು ಬುಡದ ಹತ್ತಿರ ಕೀಸಿ. ಅದು ಬಲಕ್ಕೆ, ಹಿಡಿಯಿಂದ ಆಚೆಗೆ ವಾಲಿದ್ದರೆ ಮೂಲೆ ಹಿರಿದು: ತುದಿಯ ಹತ್ತಿರ ಕೀಸಿ. ಕೀಸುಳಿಯ ಅಲಗನ್ನು ಬೆಳಕು ತೂರುವಷ್ಟು ತೆಳ್ಳನೆಯ ಸಿಪ್ಪೆ ಬರುವಂತೆ ಹೊಂದಿಸಿಕೊಳ್ಳಿ. ಎರಡು ಸಲ ಎಳೆದು ನಿಲ್ಲಿಸಿ, ಮತ್ತೆ ಗೆರೆ ಹಾಕಿ ನೋಡಿ. ಪ್ರತಿ ಬಾರಿ ಅಂಚು ನೇರವಾಗಿ ಉಳಿದಿದೆಯೇ ಎಂದು ನೇರಪಟ್ಟಿಯನ್ನು ಕೇಳಿ. ಹೊರ ಅಂಚು ಸರಿಯಾದ ಮೇಲೆ ಒಳ ಅಂಚನ್ನು ಅದಕ್ಕೆ ಸಮಾನಾಂತರ ಮಾಡಿ; ಮೂಲೆಯೊಳಗೆ ಕೀಸುಳಿ ಹೋಗದ ಕಡೆ ಅಗಲದ ಉಳಿ ಬಳಸಿ. ಪೆನ್ಸಿಲ್ ಗೆರೆಗಳು ಒಂದರ ಮೇಲೊಂದು ಮಲಗಿ ಒಂದೇ ಗೆರೆಯಾದ ಗಳಿಗೆಯನ್ನು ನೀವು ಮರೆಯಲಾರಿರಿ.

ಪೆನ್ಸಿಲಿನ ಬದಲು ಗೆರೆ ಗೀರುವ ಗೀರುಚಾಕಿಗೆ ಹೆಚ್ಚು ಮಾತು ಬೇಡ. ಮುರಿದ ಹ್ಯಾಕ್ಸಾ ಬ್ಲೇಡಿನ 100 ಮಿ.ಮೀ. ತುಂಡು, ಹಲಸಿನ ಎರಡು ಚಕ್ಕೆ, ಎರಡು ರಿವೆಟ್. ಹಲ್ಲುಗಳನ್ನು ಸಾಣೆ ಹಿಡಿದು ತೆಗೆದು, ತುದಿಯನ್ನು ಓರೆಯಾಗಿ ಕೊಯ್ದು, ಒಂದೇ ಮಗ್ಗುಲಿನಲ್ಲಿ ಹರಿತ ಮಾಡಿ. ಚಪ್ಪಟೆ ಮಗ್ಗುಲು ಮೂಲೆಮಟ್ಟಕ್ಕೆ ಒರಗಿಕೊಂಡು ಓಡಬೇಕು. ಸಾಣೆ ಹಿಡಿಯುವಾಗ ಮತ್ತೆ ಮತ್ತೆ ನೀರಿನಲ್ಲಿ ಅದ್ದಿ. ಸಾದಾ ಇಂಗಾಲದ ಉಕ್ಕು ನೀಲಿಗೆ ತಿರುಗಿತೆಂದರೆ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಗಡಸುತನ ಕಳೆದುಕೊಂಡಿತೆಂದೇ ಅರ್ಥ. ಪೆನ್ಸಿಲಿನ ಗೆರೆಗೆ ದಪ್ಪವಿದೆ. ಅದರ ಯಾವ ಮಗ್ಗುಲಿಗೆ ಕೊಯ್ಯಬೇಕೆಂಬ ಗೊಂದಲದಲ್ಲೇ ಅನೇಕ ಕೂಡಿಕೆಗಳು ಸಡಿಲವಾಗುತ್ತವೆ. ನಿಮ್ಮ ಸ್ಟೂಲಿನದೂ ಇದೇ ಕಥೆಯಿರಬಹುದು. ಚಾಕಿನ ಗೀರಿಗೆ ದಪ್ಪವಿಲ್ಲ, ಉಳಿಯ ಬಾಯಿ ಅದರೊಳಗೆ ತಾನಾಗಿ ಕೂರುತ್ತದೆ.

ಅಂಚಿಗೆ ಸಮಾನಾಂತರವಾಗಿ ಗೆರೆ ಗೀರುವ ಗೇಜಿಗೆ ಸ್ವಲ್ಪ ತಾಳ್ಮೆ ಬೇಕು. ಅಂಚಿಗೆ ಒರಗುವ ತಲೆ, ಅದರೊಳಗೆ ಜಾರುವ ಕೋಲು, ಕೋಲಿನ ತುದಿಯ ಹತ್ತಿರ ಗೀರುವ ಮುಳ್ಳು: ಗೇಜೆಂದರೆ ಇಷ್ಟು. ಹೊನ್ನೆಯ ತಲೆ: 70 ಎತ್ತರ, 65 ಅಗಲ, 25 ದಪ್ಪ. ತೇಗದ ಕೋಲು: 18 ಮಿ.ಮೀ. ಚೌಕ, 220 ಉದ್ದ. ಕೋಲನ್ನು ಬಿಗಿಹಿಡಿಯಲು ಸ್ಕ್ರೂ ಬೇಡ, ಬೆಣೆ ಸಾಕು. ಬೆಣೆ ಕೋಲಿನ ಗುಂಟ ಹೋಗುವಂತೆ ಮಾಡಿದರೆ ಬಡಿಯುವಾಗ ಕೋಲೂ ಜೊತೆಗೆ ಸರಿದು ಅಳತೆ ತಪ್ಪುತ್ತದೆ. ಆದ್ದರಿಂದ ಬೆಣೆ ತಲೆಯ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ, ಕೋಲಿನ ನೆತ್ತಿಯ ಮೇಲೆ ಅಡ್ಡಲಾಗಿ ಹಾಯಲಿ. ಮೊದಲು ಈ ಬೆಣೆಯ ದಾರಿ ಕೊರೆಯಿರಿ: ತಲೆಯ ದಪ್ಪದ ನಡುವೆ 8 ಮಿ.ಮೀ. ಅಗಲ, ಎತ್ತರ ಒಂದು ಪಕ್ಕದಲ್ಲಿ 15, ಇನ್ನೊಂದು ಪಕ್ಕದಲ್ಲಿ 10. ತಳ ಸಮತಟ್ಟಾಗಿ, ಇಳಿಜಾರು ಮೇಲ್ಭಾಗದಲ್ಲಿರಲಿ. ಎರಡೂ ಪಕ್ಕಗಳಿಂದ ಡ್ರಿಲ್ ಮಾಡಿ ನಡುವೆ ಸೇರಿಸಿ, ಉಳಿಯಿಂದ ಸವರಿ. ಆಮೇಲೆ ಕೋಲಿನ ಚೌಕ ರಂಧ್ರವನ್ನು ಎರಡೂ ಮುಖಗಳಿಂದ ಅರ್ಧರ್ಧ ಕೊರೆಯಿರಿ. ಬೆಣೆಯ ದಾರಿಯ ತಳ ಈ ರಂಧ್ರದೊಳಕ್ಕೆ 1 ಮಿ.ಮೀ. ಇಳಿದಿರಬೇಕು, ಇಲ್ಲದಿದ್ದರೆ ಬೆಣೆ ಕೋಲನ್ನು ಮುಟ್ಟುವುದೇ ಇಲ್ಲ.

ರಂಧ್ರ ಮುಗಿದ ಮೇಲೆ ಕೋಲನ್ನು ಅದಕ್ಕೆ ತಕ್ಕಂತೆ ಕೀಸುತ್ತಾ ಬನ್ನಿ. ಇಲ್ಲಿ ಅವಸರ ಬೇಡ. ಕೋಲನ್ನು ಒಂದಿಷ್ಟು ಒಳಗೆ ತಳ್ಳಿ, ಹೊರತೆಗೆದು ನೋಡಿ: ಉಜ್ಜಿಕೊಂಡ ಕಡೆ ಮರ ಹೊಳೆಯುತ್ತಿರುತ್ತದೆ. ಆ ಹೊಳೆಯುವ ಜಾಗವನ್ನಷ್ಟೇ ಒಂದು ಸಲ ಕೀಸಿ, ಮತ್ತೆ ತಳ್ಳಿ. ಕೊನೆಗೆ ಹೆಬ್ಬೆರಳಿನ ಒತ್ತಡಕ್ಕೆ ಕೋಲು ಜಾರಬೇಕು, ತಲೆ ಎಡಬಲಕ್ಕೆ ಒಂದಿಷ್ಟೂ ಅಲ್ಲಾಡಬಾರದು. ಬೆಣೆ 95 ಮಿ.ಮೀ. ಉದ್ದವಿರಲಿ, ದಾರಿಯ ಇಳಿಜಾರೇ ಅದರ ಇಳಿಜಾರು. ಕೊಡತಿಯಿಂದ ಮೆಲ್ಲಗೆ ಬಡಿದಾಗ ಸದ್ದು ‘ಟೊಕ್’ ಎನ್ನುವುದರಿಂದ ‘ಟಕ್’ ಎನ್ನುವುದಕ್ಕೆ ಬದಲಾದರೆ ಕೋಲು ಹಿಡಿಯಿತೆಂದು ಲೆಕ್ಕ.

ಮುಳ್ಳಿಗೆ ಕಾಂಕ್ರೀಟ್ ಮೊಳೆ ಅಥವಾ 2 ಮಿ.ಮೀ.ಯ ಮುರಿದ ಡ್ರಿಲ್ ಬಿಟ್. ಗಡಸು ಉಕ್ಕಾದ್ದರಿಂದ ಅರ ಹಿಡಿಯುವುದಿಲ್ಲ, ಎಣ್ಣೆಗಲ್ಲಿನ ಮೇಲೆ ತಿಕ್ಕಬೇಕು. ಕೋಲಿನ ತುದಿಯಿಂದ 15 ಮಿ.ಮೀ. ಒಳಗೆ ಕೊಂಚ ಕಿರಿದಾದ ರಂಧ್ರ ಕೊರೆದು ಬಿಗಿಯಾಗಿ ಒತ್ತಿ. 2ರಿಂದ 3 ಮಿ.ಮೀ. ಹೊರಗಿದ್ದರೆ ಸಾಕು. ಅದನ್ನು ಸೂಜಿಯಂತೆ ಮೊನಚು ಮಾಡಬೇಡಿ. ಸೂಜಿ ಮೊನೆ ಎಳೆಗೆ ಅಡ್ಡಲಾಗಿ ಎಳೆದಾಗ ಮರವನ್ನು ಹರಿಯುತ್ತದೆ, ಎಳೆಯ ಗುಂಟ ಹೋದಾಗ ಎಳೆಯನ್ನೇ ಹಿಂಬಾಲಿಸಿ ದಾರಿ ತಪ್ಪುತ್ತದೆ. ಪುಟ್ಟ ಚಾಕಿನ ಆಕಾರ ಕೊಟ್ಟು, ಗೇಜು ಸಾಗುವ ದಿಕ್ಕಿನಲ್ಲಿ ಅದರ ಮುಂಬದಿ ತಲೆಯಿಂದ ಕೂದಲಷ್ಟು ಆಚೆಗೆ ತಿರುಗಿರುವಂತೆ ಕೂರಿಸಿ. ಆಗ ಚಾಕು ಆಚೆಗೆ ಓಡಲು ನೋಡುತ್ತದೆ, ತಲೆ ಹಲಗೆಯ ಅಂಚಿಗೆ ತಾನಾಗಿ ಒತ್ತಿಕೊಳ್ಳುತ್ತದೆ. ಗೆರೆ ಒಂದೇ ಸಲಕ್ಕೆ ಆಳವಾಗಬೇಕಿಲ್ಲ. ಮೂರು ಹಗುರ ಎಳೆತಗಳು ಬೇಕು. ಹಲಗೆಯ ಒಂದು ಮುಖ, ಒಂದು ಅಂಚನ್ನು ಮೊದಲು ಸರಿಮಾಡಿ ಗುರುತು ಹಾಕಿ, ಗೇಜಿನ ತಲೆಯನ್ನು ಯಾವಾಗಲೂ ಆ ಗುರುತಿನ ಕಡೆಗೇ ಒತ್ತಿ. ಅಳತೆಯನ್ನು ಸ್ಕೇಲಿನಿಂದ ಎತ್ತುವ ಬದಲು ಹಲಗೆಯ ದಪ್ಪದಿಂದಲೋ ಉಳಿಯ ಅಗಲದಿಂದಲೋ ನೇರವಾಗಿ ಎತ್ತಿಕೊಳ್ಳಿ. ಅಂಕಿ ಓದುವಾಗಿನ ತಪ್ಪು ಅಲ್ಲಿಗೇ ಇಲ್ಲವಾಗುತ್ತದೆ.

ಉಳಿದ ತುಂಡುಗಳಲ್ಲಿ ಎರಡು ಸಾಧನಗಳನ್ನು ತಪ್ಪದೆ ಮಾಡಿ. ಒಂದು, ಹಲಗೆಯ ತಿರುಚು ನೋಡುವ ಜೋಡಿಪಟ್ಟಿ: 450 ಮಿ.ಮೀ. ಉದ್ದದ, ಅಂಚುಗಳು ಸಮಾನಾಂತರವಾದ ಎರಡು ಪಟ್ಟಿಗಳು, ಒಂದು ಕಂದು ತೇಗದ್ದು, ಇನ್ನೊಂದು ಹಲಸಿನದು. ಹಲಗೆಯ ಎರಡು ತುದಿಗಳಲ್ಲಿ ಅಡ್ಡಲಾಗಿಟ್ಟು, ಒಂದರ ನೆತ್ತಿಯ ಮೇಲಿಂದ ಇನ್ನೊಂದನ್ನು ನೋಡಿ. ಹಳದಿ ಪಟ್ಟಿ ಒಂದು ಕಡೆ ಹೆಚ್ಚು ಕಂಡರೆ ಹಲಗೆ ತಿರುಚಿದೆ, 150 ಮಿ.ಮೀ. ಅಗಲದ ಹಲಗೆಯಲ್ಲಿ ತಿರುಚು ಮೂರರಷ್ಟಾಗಿ ಕಾಣುತ್ತದೆ. ಇನ್ನೊಂದು, ತುದಿ ಚೂಪು ಮಾಡಿದ ಎರಡು ಕಡ್ಡಿಗಳು: ಚೌಕಟ್ಟಿನೊಳಗೆ ಎದುರು ಮೂಲೆಗಳಿಗೆ ಚಾಚಿ, ಜೊತೆಯಾಗಿ ಹಿಡಿದು ಗುರುತು ಹಾಕಿ, ಮತ್ತೊಂದು ಜೋಡಿ ಮೂಲೆಗಳಿಗೆ ತಿರುಗಿಸಿ. ಗುರುತು ಕೂಡಿದರೆ ಚೌಕಟ್ಟು ಸರಿ. ಟೇಪಿಗಿಂತ ಬೇಗ, ಟೇಪಿಗಿಂತ ನಿಖರ.

ಕೊಳ್ಳಬೇಕಾದದ್ದು 300 ಮಿ.ಮೀ.ಯ ಒಳ್ಳೆಯ ಉಕ್ಕಿನ ಸ್ಕೇಲು ಒಂದೇ. ಅಂಗಡಿಯ ಮೂಲೆಮಟ್ಟವನ್ನು ಎಸೆಯಬೇಡಿ, ತಪ್ಪು ಎಷ್ಟೆಂದು ಅದರ ಮೇಲೆ ಬರೆದು ಒರಟು ಕೆಲಸಕ್ಕೆ ಇಟ್ಟುಕೊಳ್ಳಿ.

ಎಲ್ಲಕ್ಕೂ ಅರಗಿನ ಪಾಲಿಷ್ ತೆಳ್ಳಗೆ ಎರಡು ಕೈ ಕೊಡಿ, ಕೊಯ್ದ ತುದಿಗಳಿಗೆ ಇನ್ನೂ ಎರಡು ಕೈ. ತೇವ ಹೆಚ್ಚಾಗಿ ಒಳಗೆ ಹೋಗುವುದು ತುದಿಗಳಿಂದಲೇ. ತೆಂಗಿನೆಣ್ಣೆ ಬೇಡ, ಅದು ಒಣಗುವುದಿಲ್ಲ. ಅಗಸೆ ಎಣ್ಣೆ ಆದೀತು, ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ: ಒಣಗುವಾಗ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಹೊರಗೆ ಒಣಹಾಕಿ. ಪಾಲಿಷ್ ತೇವವನ್ನು ನಿಧಾನಗೊಳಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಆದ್ದರಿಂದ ವರ್ಷಕ್ಕೆರಡು ಬಾರಿ, ಯುಗಾದಿಯ ಆಸುಪಾಸಿನಲ್ಲಿ ಒಮ್ಮೆ, ದಸರೆಯ ಆಯುಧಪೂಜೆಯ ಮುನ್ನಾದಿನ ಒಮ್ಮೆ, ಅದೇ ಪ್ಲೈವುಡ್ಡಿನ ಮೇಲೆ ಎರಡು ಗೆರೆ ಹಾಕಿ ನೋಡಿ. ನೋಡಿದ ತಾರೀಖನ್ನು ಹಿಡಿಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಈಗ ನನ್ನ ಬೆಂಚಿನ ಮೇಲಿರುವ ತೇಗದ ಮೂಲೆಮಟ್ಟದ ಹಿಡಿಯಲ್ಲಿ ಹದಿನಾಲ್ಕು ತಾರೀಖುಗಳಿವೆ. ಕೀಸುಳಿ ಮುಟ್ಟಿಸಿದ್ದು ಅವುಗಳಲ್ಲಿ ಮೂರೇ ಬಾರಿ.